ಸಹಾಯ ಬೇಕು: ಹೋಮ್‌ಸ್ಟೇ ಅತಿಥಿಗಳಿಗೆ ಬೇರೆ ವೈಫೈ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆ ಕಡೆ ನಮ್ಮ ತೋಟದ ಮನೆ, ಎರಡು ರೂಮು ಹೋಮ್‌ಸ್ಟೇಗೆ ಬಿಟ್ಟಿದ್ದೇವೆ. ತಡಿಯಂಡಮೋಳ್ ಹತ್ತಲು ಬರುವವರು ಬ್ಯಾಗ್ ಇಳಿಸುವ ಮೊದಲೇ ಕೇಳೋದು ವೈಫೈ ಪಾಸ್‌ವರ್ಡ್. ಮನೆಯೊಳಗೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೇ, ಕೊಡದೆ ಗತಿಯಿಲ್ಲ.

ಕಳೆದ ಶನಿವಾರ ಅಜ್ಜಿ ಧಾರಾವಾಹಿ ನೋಡ್ತಾ ಇದ್ದಾಗ ಟಿವಿಯಲ್ಲಿ ಇದ್ದಕ್ಕಿದ್ದಂತೆ ಯಾವುದೋ ಡ್ಯಾನ್ಸ್ ವಿಡಿಯೋ! ಮೇಲಿನ ರೂಮಿನ ಹುಡುಗ ಕೈತಪ್ಪಿ ನಮ್ಮ ಟಿವಿಗೆ ಕಾಸ್ಟ್ ಮಾಡಿದ್ದ. ಎಲ್ಲರೂ ನಕ್ಕೆವು, ಅಜ್ಜಿ ಒಬ್ಬರನ್ನು ಬಿಟ್ಟು. ಆದರೆ ಕಾಫಿ ಕಣದ ಕ್ಯಾಮೆರಾ, ಲೆಕ್ಕದ ಲ್ಯಾಪ್‌ಟಾಪ್ ಎಲ್ಲ ಅದೇ ವೈಫೈಯಲ್ಲಿವೆ ಅಂತ ಹೊಳೆದ ಮೇಲೆ ನಂಗೆ ನಿದ್ದೆ ಇಲ್ಲ.

ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ (192.168.0.1) ಹೋಗಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಬೇರೆ ಹೆಸರು, ಡಬ್ಲ್ಯುಪಿಎ2 ಪಾಸ್‌ವರ್ಡ್ ಕೊಟ್ಟೆ. ಅತಿಥಿಗಳಿಗೆ ಮನೆಯ ನೆಟ್‌ವರ್ಕ್ ಕಾಣುವ ಆಯ್ಕೆಯನ್ನೂ ತೆಗೆದೆ. ಆದರೂ ಗೆಸ್ಟ್ ವೈಫೈಗೆ ಸೇರಿದ ನನ್ನ ಫೋನಿಂದಲೇ ಕ್ಯಾಮೆರಾದ ಲಾಗಿನ್ ಪುಟ ತೆರೆಯುತ್ತಿದೆ.

ಫೈಬರ್‌ನವರ ಬಾಕ್ಸ್ ಬೇರೆ ಇದೆ, ಅದರಿಂದ ಕೇಬಲ್ ಎಳೆದು ನನ್ನ ರೂಟರ್ ಹಾಕಿದ್ದು. ರೂಟರ್ ಈಗ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿದೆ, ಅಂದರೆ ಅದು ವೈಫೈ ಹರಡುತ್ತೆ ಅಷ್ಟೇ, ರೂಟರ್ ಕೆಲಸವೆಲ್ಲ ಫೈಬರ್ ಬಾಕ್ಸಿನದು. ಗೆಸ್ಟ್ ಬೇರೆಯಾಗದಿರಲು ಇದೇ ಕಾರಣವಾ? ರೂಟರ್ ಮೋಡ್‌ಗೆ ಬದಲಿಸಿದರೆ, ಎರಡೆರಡು ನ್ಯಾಟ್ (ಮನೆಯೊಳಗಿನ ವಿಳಾಸಗಳನ್ನು ಹೊರಗಿನ ಒಂದು ವಿಳಾಸಕ್ಕೆ ಬದಲಿಸೋದು) ಆಗಿ ಮಡಿಕೇರಿಯಿಂದ ಕ್ಯಾಮೆರಾ ನೋಡೋದಕ್ಕೆ ತೊಂದರೆ ಆಗುತ್ತಾ? ಕ್ಯಾಮೆರಾಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು.

ಇನ್ನೊಂದು ಕನೆಕ್ಷನ್ ತಗೊಳ್ಳಿ ಅನ್ನಬೇಡಿ, ಮಳೆಗಾಲದಲ್ಲಿ ಇರುವ ಒಂದು ಕೇಬಲ್ ಉಳಿಸಿಕೊಳ್ಳೋದೇ ಸಾಹಸ. ಮಾಡಿ ನೋಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ತಿಳಿಸಿ.