ಶೆಟ್‌ಲ್ಯಾಂಡ್‌ನ ಚಳಿಗಾಲ: ಮುನ್ಸೂಚನೆಯಲ್ಲಿ 5 ಡಿಗ್ರಿ ಎಂದಿದ್ದರೂ ಎಲ್ಲರೂ ಎಚ್ಚರಿಸುವುದೇಕೆ?

ಪ್ರಶ್ನೆ – ಮೈಸೂರಿನವಳು

ಎಲ್ಲರಿಗೂ ನಮಸ್ಕಾರ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಲರ್ವಿಕ್ ಪಟ್ಟಣದಲ್ಲಿ ನನ್ನ ಪತಿಗೆ ಎರಡು ವರ್ಷದ ಕೆಲಸ ಸಿಕ್ಕಿದ್ದು, ಜನವರಿ ಮೊದಲ ವಾರದಲ್ಲಿ ನಾನು ಏಳು ವರ್ಷದ ಮಗಳೊಂದಿಗೆ ಅಲ್ಲಿಗೆ ಹೊರಡಬೇಕಾಗಿದೆ. ಲರ್ವಿಕ್ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂದರೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಸಾಲಿನಲ್ಲಿ. ಆದರೆ ಒಂದು ತಿಂಗಳಿನಿಂದ ನಾನು ನೋಡುತ್ತಿರುವ ಮುನ್ಸೂಚನೆಯಲ್ಲಿ ಉಷ್ಣಾಂಶ 3ರಿಂದ 8 ಡಿಗ್ರಿಯ ನಡುವೆಯೇ ಇದೆ. ದೆಹಲಿಯ ಜನವರಿ ರಾತ್ರಿಗಿಂತ ಇದು ಹೆಚ್ಚಿನ ಚಳಿಯೇನೂ ಅಲ್ಲ. ಹೀಗಿದ್ದರೂ ಪತಿಯ ಸಹೋದ್ಯೋಗಿಗಳು "ಕೊಡೆ ತರಬೇಡಿ, ಪ್ರಯಾಣದಲ್ಲಿ ಎರಡು ದಿನ ಖಾಲಿ ಇಟ್ಟುಕೊಳ್ಳಿ" ಎಂದು ಪದೇ ಪದೇ ಹೇಳುತ್ತಿದ್ದಾರೆ. ಇನ್ನೊಂದು ವಿಚಿತ್ರವೆಂದರೆ, ಫೋನಿನ ಹವಾಮಾನ ಆ್ಯಪ್‌ನಲ್ಲಿ ಒಂದೇ ದಿನಕ್ಕೆ ಮಳೆ, ಬಿಸಿಲು, ಆಲಿಕಲ್ಲು, ಹಿಮ ನಾಲ್ಕರ ಚಿತ್ರಗಳೂ ಬರುತ್ತವೆ. ಇದು ಆ್ಯಪ್‌ನ ದೋಷವೇ, ಅಥವಾ ಅಲ್ಲಿನ ಹವೆಯೇ ಹೀಗೆಯೇ?

ಉತ್ತರ – ತೀರ್ಥಹಳ್ಳಿಯವ

ಆ್ಯಪ್ ಸರಿಯಾಗಿಯೇ ಹೇಳುತ್ತಿದೆ. ನಾನು 2012ರಿಂದ ಆರು ಚಳಿಗಾಲಗಳನ್ನು ಅಲ್ಲಿ ಕಳೆದಿದ್ದೇನೆ. ನೀವು ಪಟ್ಟಿ ಮಾಡಿದ ನಾಲ್ಕನ್ನೂ ಮಧ್ಯಾಹ್ನದ ಊಟದೊಳಗೆ ಕಂಡ ದಿನಗಳಿಗೆ ಲೆಕ್ಕವಿಲ್ಲ.

ಚಳಿ ಅಷ್ಟು ತೀವ್ರವಾಗದಿರುವುದಕ್ಕೆ ಕಾರಣ ಸಮುದ್ರ. ಉತ್ತರ ಅಟ್ಲಾಂಟಿಕ್ ಪ್ರವಾಹವು ನೈಋತ್ಯದಿಂದ ಬೆಚ್ಚಗಿನ ನೀರನ್ನು ತಂದು ಸುತ್ತಲೂ ಹರಡುವುದರಿಂದ, ಚಳಿಗಾಲದಲ್ಲೂ ಕಡಲ ನೀರು ಏಳೆಂಟು ಡಿಗ್ರಿಯಷ್ಟಿರುತ್ತದೆ. ಆದರೆ ಐಸ್‌ಲ್ಯಾಂಡ್ ಕಡೆಯಿಂದ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಸಾಗುವ ದಾರಿಯೂ ಅದೇ. ಅಂಥದೊಂದು ಕುಸಿತ ದ್ವೀಪಗಳ ಉತ್ತರಕ್ಕೆ ಹಾದುಹೋಗುವಾಗ ಮೊದಲು ಆಗ್ನೇಯದಿಂದ ಗಾಳಿ ಬೀಸಿ ಬಿಡದೆ ಮಳೆ ಸುರಿಯುತ್ತದೆ. ಬಳಿಕ ಗಾಳಿ ನೈಋತ್ಯಕ್ಕೆ ತಿರುಗಿ, ಮಂಜು ಮುಸುಕಿದ, ಒಂಬತ್ತು ಡಿಗ್ರಿಯ ಮೆತ್ತನೆಯ ಹವೆ ಕೆಲವು ಗಂಟೆ ನಿಲ್ಲುತ್ತದೆ. ಆಮೇಲೆ ಹಠಾತ್ತನೆ ವಾಯವ್ಯದ ಗಾಳಿ ಎದ್ದು, ಉಷ್ಣಾಂಶ ಮೂರಕ್ಕೆ ಇಳಿದು, ಆಲಿಕಲ್ಲಿನ ಸುರಿತ ಮತ್ತು ಕಣ್ಣು ಕೋರೈಸುವ ಬಿಸಿಲು ಸರದಿಯ ಮೇಲೆ ಬರುತ್ತವೆ. ಇಷ್ಟೆಲ್ಲ ಇಪ್ಪತ್ನಾಲ್ಕು ಗಂಟೆಯೊಳಗೆ ಮುಗಿದು, ಮುಂದಿನ ಕುಸಿತ ಬಾಗಿಲಲ್ಲಿ ನಿಂತಿರುತ್ತದೆ.

ಆದ್ದರಿಂದ ಉಷ್ಣಾಂಶದ ಬದಲು ಗಾಳಿಯ ವೇಗವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮರಗಳಿಲ್ಲದ ನೆಲವಾದ್ದರಿಂದ ಗಾಳಿಗೆ ತಡೆಯೆಂಬುದೇ ಇಲ್ಲ, ಕೊಡೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಕಾರನ್ನು ಗಾಳಿಗೆ ಮುಖ ಮಾಡಿಯೇ ನಿಲ್ಲಿಸಬೇಕು. ಗಾಳಿ ಬೆನ್ನಿಗಿದ್ದರೆ ತೆರೆದ ಬಾಗಿಲು ಮುಂದಕ್ಕೆ ಮಡಚಿಕೊಂಡು ಕೀಲೇ ಮುರಿಯುತ್ತದೆ. ಮೊದಲ ವರ್ಷ ನಾನು ಈ ಪಾಠವನ್ನು ಸಾಕಷ್ಟು ಹಣ ತೆತ್ತು ಕಲಿತೆ.

ಮಳೆಯ ವಿಷಯದಲ್ಲೂ ನಮ್ಮ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಲರ್ವಿಕ್‌ನ ವರ್ಷದ ಮಳೆ ಸುಮಾರು 1,200 ಮಿ.ಮೀ.; ಆಗುಂಬೆಯನ್ನು ಕಂಡವರಿಗೆ ಅದು ಮಳೆಯೇ ಅಲ್ಲ. ಆದರೆ ಆ ಅಲ್ಪ ಮಳೆ ವರ್ಷದ ಅರ್ಧಕ್ಕೂ ಹೆಚ್ಚು ದಿನಗಳಲ್ಲಿ ಹಂಚಿಹೋಗಿ, ಗಾಳಿಯ ಜೊತೆ ಅಡ್ಡಡ್ಡವಾಗಿ ಬರುತ್ತದೆ. ನಡುವೆ ಒಂದು ದಿನ ಎಲ್ಲವೂ ನಿಂತು ಕಡಲು ಕನ್ನಡಿಯಂತಾದರೆ ಅದನ್ನು ಅಲ್ಲಿಯವರು 'ಡೇ ಅಟ್ವೀನ್ ವಾಡರ್ಸ್', ಅಂದರೆ ಎರಡು ಹವೆಗಳ ನಡುವಿನ ದಿನ ಎನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಮಳೆ ಹೊಳವಾಯಿತು ಎನ್ನುವುದಿಲ್ಲವೇ, ಅದೇ ಅರ್ಥ. ಹೊಳವಾದ ದಿನ ಬಟ್ಟೆ ಒಗೆದು ಹರವುವುದು, ಮನೆಗೆ ಸಾಮಾನು ತರುವುದು ಎಲ್ಲವನ್ನೂ ಮುಗಿಸಿಕೊಳ್ಳಬೇಕು. ನಾಳೆ ಮಾಡೋಣವೆಂದವರಿಗೆ ಮುಂದಿನ ವಾರವೇ ಗತಿ. ಹಿಮದ ಬಗ್ಗೆ ಮಾತ್ರ ಹೆಚ್ಚು ಚಿಂತೆ ಬೇಡ, ಬಿದ್ದರೂ ಬೇಗ ಕರಗುತ್ತದೆ.

ಉತ್ತರ – ಹವೆಯ ಹಿಂದೆ ಬಿದ್ದವನು

ತೀರ್ಥಹಳ್ಳಿಯವರ ವಿವರಣೆ ಸೊಗಸಾಗಿದೆ. ಕೊನೆಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಗಾಳಿ ಉತ್ತರ ಧ್ರುವದ ಕಡೆಯಿಂದ ನೇರವಾಗಿ ತಿರುಗಿದರೆ ಹಿಮ ಚೆನ್ನಾಗಿಯೇ ಬೀಳುತ್ತದೆ, ಅದೂ ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ. ಒಣ ಹಿಮಕ್ಕಿಂತ ಇದರ ಕಾಟವೇ ಹೆಚ್ಚು. 2022ರ ಡಿಸೆಂಬರ್‌ನಲ್ಲಿ ಇಂಥ ಹಿಮ ವಿದ್ಯುತ್ ತಂತಿಗಳಿಗೆ ಮೆತ್ತಿ ಹೆಪ್ಪುಗಟ್ಟಿದ್ದರಿಂದ ತಂತಿಗಳು ಹರಿದು, ಸಾವಿರಾರು ಮನೆಗಳು ಹಲವು ದಿನ ಕತ್ತಲಲ್ಲಿದ್ದವು. ಮನೆ ಬಾಡಿಗೆಗೆ ಹಿಡಿಯುವಾಗ, ವಿದ್ಯುತ್ ಇಲ್ಲದಿದ್ದರೂ ಉರಿಯುವ ಒಲೆ ಇದೆಯೇ ಎಂದು ಮೊದಲು ಕೇಳಿ.

ಬಿರುಗಾಳಿ ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1993ರ ಜನವರಿ 5ರಂದು ಬ್ರೇರ್ ಎಂಬ ತೈಲ ಹಡಗು ದ್ವೀಪದ ದಕ್ಷಿಣ ತುದಿಯ ಬಂಡೆಗಳಿಗೆ ಬಡಿದು, ಅದರಲ್ಲಿದ್ದ ಸುಮಾರು 85,000 ಟನ್ ಕಚ್ಚಾ ತೈಲ ಕಡಲಿಗೆ ಸೇರಿತು. ಅದೇ ತಿಂಗಳ 10ರ ಹೊತ್ತಿಗೆ ಸಮೀಪದ ವಾಯುಭಾರ ಕುಸಿತದ ಕೇಂದ್ರದಲ್ಲಿ ಗಾಳಿಯ ಒತ್ತಡ ಸುಮಾರು 914 ಹೆಕ್ಟೊಪಾಸ್ಕಲ್‌ಗೆ (ಸಾಮಾನ್ಯವಾಗಿ ಇದು ಸುಮಾರು 1,013) ಇಳಿಯಿತು. ಉಷ್ಣವಲಯದ ಚಂಡಮಾರುತಗಳನ್ನು ಬಿಟ್ಟರೆ ಉತ್ತರ ಅಟ್ಲಾಂಟಿಕ್‌ನಲ್ಲಿ ಇದಕ್ಕಿಂತ ಆಳದ ಕುಸಿತ ದಾಖಲಾಗಿಲ್ಲ. ವಾರಗಟ್ಟಲೆ ನಿಲ್ಲದ ಆ ಬಿರುಗಾಳಿಯ ಅಲೆಗಳೇ ಹಗುರವಾದ ತೈಲವನ್ನು ಕಡೆದು ಚದುರಿಸಿದ್ದರಿಂದ, ತೀರಕ್ಕೆ ಜನ ಹೆದರಿದಷ್ಟು ಹಾನಿಯಾಗಲಿಲ್ಲ ಎಂಬುದೂ ನಿಜ.

ಉತ್ತರ – ಕುಂದಾಪುರದ ಅಮ್ಮ

ಮಗು ಜೊತೆಗಿದೆ ಎಂದಿರಿ, ಆದ್ದರಿಂದ ಕತ್ತಲೆಯ ಬಗ್ಗೆ ಒಂದು ಮಾತು. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಒಂಬತ್ತು ದಾಟಿದ ಮೇಲೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರಕ್ಕೆ ಮುಳುಗಿರುತ್ತಾನೆ. ನನ್ನ ಮಗನಿಗೆ ಮೊದಲ ತಿಂಗಳು ಯಾವಾಗಲೂ ನಿದ್ದೆಗಣ್ಣು. ಹವೆ ಹೇಗೇ ಇರಲಿ, ಶಾಲೆಯ ಬಿಡುವಿನಲ್ಲಿ ಹತ್ತು ನಿಮಿಷವಾದರೂ ಹೊರಗೆ ಬೆಳಕಿಗೆ ಬಿಡುವುದನ್ನು ರೂಢಿ ಮಾಡಿಸಿದ ಮೇಲೆ ಸರಿಹೋಯಿತು. ಬಟ್ಟೆಗೆಂದು ಬೆಂಗಳೂರಿನಲ್ಲಿ ದಪ್ಪ ಜಾಕೆಟ್ ಕೊಳ್ಳಬೇಡಿ. ಒಳಗೆ ಉಣ್ಣೆಯ ಸ್ವೆಟರ್, ಮೇಲೆ ಗಾಳಿ ನೀರು ಎರಡನ್ನೂ ತಡೆಯುವ ಹೊದಿಕೆ ಸಾಕು, ಎರಡೂ ಅಲ್ಲಿಯೇ ಒಳ್ಳೆಯವು ಸಿಗುತ್ತವೆ. ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ಅಪ್ ಹೆಲಿ ಆ ಎಂಬ ಬೆಂಕಿಯ ಹಬ್ಬ ನಡೆಯುತ್ತದೆ. ನೂರಾರು ಜನ ಪಂಜು ಹಿಡಿದು ಮೆರವಣಿಗೆ ಹೋಗಿ ಮರದ ನೌಕೆಯೊಂದನ್ನು ಸುಡುತ್ತಾರೆ. ಹವೆ ಕೆಟ್ಟಿದೆಯೆಂದು ಆ ಹಬ್ಬವನ್ನು ಮುಂದೂಡುವ ಪದ್ಧತಿಯಿಲ್ಲ. ಮಗಳನ್ನು ತಪ್ಪದೆ ಕರೆದುಕೊಂಡು ಹೋಗಿ.

ಮೈಸೂರಿನವಳು

ಎಲ್ಲರಿಗೂ ಧನ್ಯವಾದಗಳು. ಒಂದೇ ಸಂದೇಹ ಉಳಿದಿದೆ: ಸ್ಕಾಟ್‌ಲೆಂಡಿನ ಮುಖ್ಯ ಭೂಭಾಗದ ಅಬರ್‌ಡೀನ್ ನಗರದಿಂದ ವಿಮಾನ ಹಿಡಿಯುವುದೋ, ರಾತ್ರಿಯ ಹಡಗೋ? ಲರ್ವಿಕ್‌ನ ಮುನ್ಸೂಚನೆಯನ್ನು ನೋಡಿ ತೀರ್ಮಾನಿಸಬಹುದೇ?

ತೀರ್ಥಹಳ್ಳಿಯವ

ಲರ್ವಿಕ್‌ನದು ಮಾತ್ರ ನೋಡಿದರೆ ಸಾಲದು. ಅಬರ್‌ಡೀನ್ ಬಂದರಿನ ಬಾಯಿ ಕಿರಿದಾಗಿರುವುದರಿಂದ ಪೂರ್ವದಿಂದ ದೊಡ್ಡ ಅಲೆಗಳು ಬಂದರೆ ಅದನ್ನೇ ಮುಚ್ಚುತ್ತಾರೆ. ಆಗ ಲರ್ವಿಕ್‌ನಲ್ಲಿ ಎಲೆ ಅಲುಗದಿದ್ದರೂ ಹಡಗು ಹೊರಡುವುದಿಲ್ಲ. ಇಂಥ ದಿನಗಳು ಎರಡು ಮೂರು ಸೇರಿದರೆ ಊರಿನ ಅಂಗಡಿಗಳಲ್ಲಿ ಹಾಲು, ಬ್ರೆಡ್, ತರಕಾರಿಯ ಕಪಾಟುಗಳೂ ಖಾಲಿ, ಏಕೆಂದರೆ ಅವೂ ಹಡಗಿನಲ್ಲೇ ಬರಬೇಕು. ವಿಮಾನ ಬೇಗ ತಲುಪಿಸುತ್ತದೆ, ಆದರೆ ಅಡ್ಡಗಾಳಿಗೆ ಅದೂ ಅಂಜುತ್ತದೆ. ಸಾಮಾನು ಹೆಚ್ಚಿದ್ದರೆ ಹಡಗೇ ಸರಿ. ನೇರವಾಗಿ ಹೋದರೆ ಸುಮಾರು ಹನ್ನೆರಡು ಗಂಟೆಯ ದಾರಿ. ಹೊರಡುವ ಹೊತ್ತನ್ನು ಹವೆ ನೋಡಿ ಮೊದಲೇ ಮಾಡುವುದೂ ಉಂಟು, ಆದ್ದರಿಂದ ಅಬರ್‌ಡೀನ್‌ಗೆ ಹಿಂದಿನ ದಿನವೇ ಬಂದಿಳಿಯಿರಿ. ಹಡಗಿನ ಮಧ್ಯಭಾಗದಲ್ಲಿ, ಸಾಧ್ಯವಾದಷ್ಟು ಕೆಳಗಿನ ಅಂತಸ್ತಿನ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ.