ಸಮಸ್ಯೆ: ‘ಕರೆದವನೆ ಮನೆಯೊಳಗೆ ಕಾಣಲಿಲ್ಲ’

ತೀರ್ಥಹಳ್ಳಿಯಿಂದ

ಆರಿದ್ರಾ ಮಳೆ ಹಿಡಿದ ದಿನ ನಮ್ಮ ಪದ್ಯ ಬಳಗದ ನಿರ್ವಾಹಕರು ಈ ಸಾಲನ್ನು ಸಮಸ್ಯೆಯಾಗಿ ಕೊಟ್ಟರು. ಇದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಬೇಕು, ಅದೇ ಪೂರಣ. ಈಗ ಪುನರ್ವಸು ಹೊಯ್ಯುತ್ತಿದೆ. ಪೂರಣ 14 ಬಂದಿವೆ. ಅವರಿಂದ ಒಂದು ‘ಹೂಂ’ ಕೂಡ ಇಲ್ಲ. ಕೊಟ್ಟ ಸಾಲು ಕೊಟ್ಟವರ ಮೇಲೇ ಬಿತ್ತು, ಅಲ್ವಾ?

ಹೊಸಬರಿಗೆ ಲೆಕ್ಕ: ಐದೈದು ಮಾತ್ರೆಯ (ಲಘುವಿಗೆ ಒಂದು, ಗುರುವಿಗೆ ಎರಡು) ಮೂರು ಗಣ, ಕೊನೆಗೊಂದು ಅಕ್ಷರ. ಕರೆದವನೆ / ಮನೆಯೊಳಗೆ / ಕಾಣಲಿಲ್ / ಲ. ಆದಿಪ್ರಾಸ ರಕಾರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ರ’. ನನ್ನದು:

ಹೊರಟೆವೈ ನೇಸರನು ಮುಳುಗುವೆಡೆಗೆ
ತೆರೆಯಂತೆ ಮಂಜೆದ್ದು ಘಟ್ಟದಲ್ಲಿ
ಬರಿ ಮುಗಿಲು ಆಗುಂಬೆ ಪಡುವಲೆಲ್ಲ
ಕರೆದವನೆ ಮನೆಯೊಳಗೆ ಕಾಣಲಿಲ್ಲ

ಬಾನು ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ನಾವು ಹೋದ ದಿನ ಪಕ್ಕದವನ ಕೊಡೆಯೂ ಕಾಣಲಿಲ್ಲ.

ಸಾಗರದಿಂದ

ಹರಕೆ ಊಟಕೆ ಬನ್ನಿ ಎಂದನಣ್ಣ
ಸುರಿಮಳೆಯು ತುಸು ನಿಲ್ಲೆ ಹೊಳವು ಕಂಡು
ಮರದ ತುದಿಯಲಿ ಮದ್ದು ಹೊಡೆಯುತಿದ್ದ
ಕರೆದವನೆ ಮನೆಯೊಳಗೆ ಕಾಣಲಿಲ್ಲ

ಅಡಿಕೆಗೆ ಕೊಳೆ ರೋಗ ಬರುವ ಹೊತ್ತು. ಹೊಳವಾದ ಒಂದು ಗಂಟೆ ಮದ್ದು ಹೊಡೆಯದೆ ಬಿಟ್ಟರೆ ಆಯಿತು ಕಥೆ. ಅಂಗಿ ಮೇಲೆ ಮದ್ದಿನ ಮೈಲುತುತ್ತದ ನೀಲಿ ಕಲೆ ಇದ್ದವನನ್ನು ನಮ್ಮ ಕಡೆ ಯಾರೂ ಬಯ್ಯುವುದಿಲ್ಲ. ನಿರ್ವಾಹಕರೂ ತೋಟದಲ್ಲೇ ಇರಬಹುದು, ಬಿಡಿ. ಸಂಬಳದ ಕೆಲಸವೇನಲ್ಲವಲ್ಲ.

ತೀರ್ಥಹಳ್ಳಿಯಿಂದ

ಇರಬಹುದು. ಆದರೆ ಹೋದ ವಾರದ ಈ ಪೂರಣ ನೋಡಿ. ಕಾಲೇಜು ಹುಡುಗಿ, ಹೊಸನಗರದ ಕಡೆಯವಳು.

ಬರೆದೆ ಪದ್ಯ ಮೊದಲ ಬಾರಿಗೆಂದು
ಕರೆಗಂಟೆ ಬಾರಿಸಿದೆ ಬಾಗಿಲಲ್ಲಿ
ಮರುಮಾತು ಕೇಳಿಸದೆ ಮರಳಿ ಬಂದೆ
ಕರೆದವನೆ ಮನೆಯೊಳಗೆ ಕಾಣಲಿಲ್ಲ

ನಮ್ಮಿಬ್ಬರದಕ್ಕಿಂತ ಇದೇ ಚೆನ್ನಾಗಿದೆ. ಈಗ ಮೊದಲ ಸಾಲನ್ನು ಗಟ್ಟಿಯಾಗಿ ಓದಿ. ‘ಬರೆದೆ ಪದ್’ ಐದು. ‘ಯ ಮೊದಲ’ ನಾಲ್ಕೇ. ಅಲ್ಲಿ ಕಾಲು ಎಡವುತ್ತದೆ. ‘ಪದ್ಯವ’ ಎಂದು ಒಂದು ‘ವ’ ಸೇರಿಸಿದರೆ ನಡಿಗೆ ಸರಿ. ಅಷ್ಟನ್ನು ಯಾರೂ ಹೇಳಲಿಲ್ಲ. ನಿರ್ವಾಹಕರು ಹೇಳಲಿ ಅಂತ ನಾನೂ ಸುಮ್ನೆ ಕೂತಿದ್ದೆ, ಒಪ್ಪಿಕೊಳ್ಳುತ್ತೇನೆ.

ಅಷ್ಟಾವಧಾನ ನೋಡಿದ್ದೀರಲ್ಲ. ಎಂಟು ಜನ ಪೃಚ್ಛಕರು ಕೇಳುವವರು, ವೇದಿಕೆಯಲ್ಲೇ ಉತ್ತರಿಸುವವರು ಅವಧಾನಿ. ಸಮಸ್ಯೆ ಕೊಟ್ಟ ಪೃಚ್ಛಕರು ಎದ್ದು ಮನೆಗೆ ಹೋಗುವುದಿಲ್ಲ. ಅವಧಾನಿ ಸುತ್ತಿಗೊಂದು ಸಾಲು ಹೇಳುತ್ತಾರೆ, ನಾಲ್ಕು ಸುತ್ತು. ಅಲ್ಲಿಯವರೆಗೂ ಪೃಚ್ಛಕರು ಎದುರಿಗೇ ಇರುತ್ತಾರೆ. ಇಲ್ಲಿ ಬಹುಮಾನ ಯಾರಿಗೆ ಬೇಕು? ಬರೆದದ್ದನ್ನು ಒಬ್ಬರಾದರೂ ಓದಿದರು ಅಂತ ಗೊತ್ತಾದರೆ ಸಾಕು.

ಹೊಸನಗರದಿಂದ

ಅಯ್ಯೋ ಸರ್, ಒಂದೇ ಒಂದು ‘ವ’ನಾ! ಯಾರೂ ಏನೂ ಅನ್ನಲಿಲ್ಲ ಅಂದರೆ ಪದ್ಯವೇ ಕೆಟ್ಟದಾಗಿದೆ ಅಂದುಕೊಂಡಿದ್ದೆ. ನಿನ್ನೆ ಅಳಿಸಲು ಹೋದೆ, ನೆಟ್‌ವರ್ಕ್ ಸಿಗಲಿಲ್ಲ. ಅದಕ್ಕೇ ಉಳಿದಿದೆ. ಇನ್ನೊಂದು ಪೂರಣವೂ ನೋಟ್‌ಬುಕ್ಕಿನಲ್ಲಿದೆ. ಹಾಕಲಾ?

ಸಾಗರದಿಂದ

ಹಾಕು ತಂಗಿ. ಕರೆಂಟ್ ಹೋಗೋದ್ರೊಳಗೆ ಹಾಕು.