ಕೊನೆ ಹಂತದ ರೋಗಿ ಎಮರ್ಜೆನ್ಸಿಗೆ ಬಂದಾಗ: ಡಾಕ್ಟರ್‌ಗಳಿಗೆ ಮನಸ್ಸಿಲ್ಲವೋ, ಗೊತ್ತಿಲ್ಲವೋ?

ರಾತ್ರಿಪಾಳಿ:
ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದೇನೆ. ಕ್ಯಾನ್ಸರ್ ಎಲ್ಲಾ ಕಡೆ ಹರಡಿ, ಇನ್ನು ಗುಣವಾಗುವುದಿಲ್ಲ ಅಂತ ಮೊದಲೇ ಹೇಳಿಸಿಕೊಂಡ ರೋಗಿಗಳು ಉಸಿರಿಗೆ ಒದ್ದಾಡುತ್ತಾ ಬರುತ್ತಾರೆ. ನಾವು ಟ್ಯೂಬ್ ಹಾಕುತ್ತೇವೆ, ವೆಂಟಿಲೇಟರ್‌ಗೆ ಜೋಡಿಸುತ್ತೇವೆ, ಐಸಿಯುಗೆ ಕಳಿಸುತ್ತೇವೆ. ಅವರಿಗೆ ಇದು ಬೇಕಿತ್ತಾ ಅಂತ ಯಾರೂ ಕೇಳುವುದಿಲ್ಲ. ನಾನು ಬಾಯಿ ತೆಗೆದರೆ "ಅದು ಪ್ಯಾಲಿಯೇಟಿವ್‌ನವರ (ಗುಣವಾಗದ ರೋಗದಲ್ಲಿ ನೋವು, ಸಂಕಟ ಕಮ್ಮಿ ಮಾಡುವವರ) ಕೆಲಸ, ನಮ್ಮದು ಜೀವ ಉಳಿಸುವುದು" ಅನ್ನುತ್ತಾರೆ ಸೀನಿಯರ್‌ಗಳು. ಇದು ನಿಜಕ್ಕೂ ಅವರ ನಿಲುವಾ, ಇಲ್ಲ ಏನು ಮಾಡಬೇಕು ಅಂತ ಗೊತ್ತಾಗದೆ ಆಡುವ ಮಾತಾ?

ಹಳೇ ಕ್ಯಾಶುವಾಲ್ಟಿ:
ಅವರ ನಿಲುವು ಕೇಳಬೇಡಿ, ಡೋಸ್ ಕೇಳಿ. ಮಾರ್ಫಿನ್ (ಬಲವಾದ ನೋವಿನ ಔಷಧ) ತಗೊಂಡು ಅಭ್ಯಾಸವಿಲ್ಲದ ರೋಗಿಗೆ ಏದುಸಿರು ಕಮ್ಮಿ ಮಾಡಲು ಎಷ್ಟು ಕೊಡುತ್ತೀರಿ ಅಂತ ಕೇಳಿದರೆ ಅರ್ಧ ಜನ ಮೇಲೆ ಕೆಳಗೆ ನೋಡುತ್ತಾರೆ. ಐವಿಯಲ್ಲಿ 2ರಿಂದ 2.5 ಮಿ.ಗ್ರಾಂ, ನಿಧಾನವಾಗಿ, ನೋಡಿಕೊಂಡು ಮತ್ತೆ. ಇಷ್ಟೇ. ಇಷ್ಟಕ್ಕೆ "ಉಸಿರು ನಿಂತುಬಿಟ್ಟರೆ?" ಅಂತ ಹೆದರುವವರೇ ಟ್ಯೂಬ್ ಹಾಕುವಾಗ ಉಸಿರಾಟ ಪೂರ್ತಿ ನಿಲ್ಲಿಸುವ ಔಷಧವನ್ನು ಕಣ್ಣು ಮಿಟುಕಿಸದೆ ಕೊಡುತ್ತಾರೆ, ಯಾಕೆಂದರೆ ಅದನ್ನು ಕಲಿಸಿದ್ದಾರೆ, ಇದನ್ನು ಯಾರೂ ಕಲಿಸಲಿಲ್ಲ.

ಡಿಎನ್ಆರ್ (ಡು ನಾಟ್ ರಿಸಸಿಟೇಟ್) ಚೀಟಿಯ ವಿಷಯವೂ ಹಾಗೇ. ಹೃದಯ ನಿಂತರೆ ಸಿಪಿಆರ್ (ಎದೆ ಒತ್ತಿ ಹೃದಯ ಮತ್ತೆ ಶುರು ಮಾಡಿಸುವ ಪ್ರಯತ್ನ) ಬೇಡ ಅನ್ನುವುದಷ್ಟೇ ಅದು. ನೋವಿಗೆ ಔಷಧ, ಆಂಟಿಬಯೋಟಿಕ್, ಆಕ್ಸಿಜನ್ ಯಾವುದನ್ನೂ ನಿಲ್ಲಿಸು ಅಂತ ಹೇಳುವುದಿಲ್ಲ. ಆದರೂ ಆ ಚೀಟಿ ಕಂಡ ತಕ್ಷಣ ಆ ಬೆಡ್ ಹತ್ತಿರ ಹೋಗುವುದೇ ಕಮ್ಮಿಯಾಗುತ್ತದೆ.

"ನಮ್ಮ ಕೆಲಸ ಅಲ್ಲ" ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ 2006ರಲ್ಲಿ ಹಾಸ್ಪೈಸ್ (ಕೊನೆಗಾಲದ ಆರೈಕೆ) ಮತ್ತು ಪ್ಯಾಲಿಯೇಟಿವ್ ಮೆಡಿಸಿನ್‌ಗೆ ಉಪವಿಭಾಗದ ಮಾನ್ಯತೆ ಸಿಕ್ಕಿದಾಗ ಅದಕ್ಕೆ ಜೊತೆಯಾದ, ತಜ್ಞ ವೈದ್ಯರಿಗೆ ಮಾನ್ಯತೆ ಕೊಡುವ 10 ಬೋರ್ಡ್‌ಗಳಲ್ಲಿ ಎಮರ್ಜೆನ್ಸಿ ಮೆಡಿಸಿನ್ ಕೂಡ ಒಂದು.

ಟ್ರಯಾಜ್:
ಸರ್, ಕೂತು ಬರೆಯುವುದು ಸುಲಭ. ರೋಗಿಗೆ ಪ್ರಜ್ಞೆ ಇಲ್ಲ, ಹಳೇ ಫೈಲ್ ಇಲ್ಲ, ಜೊತೆಗೆ ಬಂದವರು ಮಗನೋ ಪಕ್ಕದ ಮನೆಯವರೋ ಗೊತ್ತಿಲ್ಲ. ನಿರ್ಧಾರಕ್ಕೆ ಇರುವುದು ಎರಡು ನಿಮಿಷ. ಅನುಮಾನ ಇದ್ದರೆ ಉಳಿಸುವ ಕಡೆಗೇ ವಾಲಬೇಕು, ಆ ಕಡೆ ತಪ್ಪಿದರೆ ತಿದ್ದಲು ದಾರಿಯಿದೆ, ಈ ಕಡೆ ತಪ್ಪಿದರೆ ಇಲ್ಲ. ಕಾನೂನೂ ಒಂದೊಂದು ದೇಶದಲ್ಲಿ ಒಂದೊಂದು ತರ. ಇದನ್ನೆಲ್ಲಾ ಬರೀ ತಿಳುವಳಿಕೆ ಕಮ್ಮಿ ಅಂದರೆ ಒಪ್ಪಲ್ಲ.

ಪ್ಯಾಲಿಯೇಟಿವ್ ನರ್ಸ್:
ಟ್ರಯಾಜ್ ಅವರು ಹೇಳಿದ್ದು ನಿಜ, ಆದರೆ ಅದು ಏನೂ ಗೊತ್ತಿಲ್ಲದ ರೋಗಿಯ ಕಥೆ. ರಾತ್ರಿಪಾಳಿ ಕೇಳಿದ್ದು ಎಲ್ಲಾ ಗೊತ್ತಿರುವ ರೋಗಿಯ ಬಗ್ಗೆ, ಅಲ್ವಾ? ಅಲ್ಲಿ ಎಡವುವುದು ಮಾತಿನಲ್ಲಿ. "ಎಲ್ಲಾ ಮಾಡಬೇಕಾ?" ಅಂತ ಕೇಳಿದರೆ ಯಾವ ಮಗಳು ಬೇಡ ಅಂತಾಳೆ? "ಇವರೇ ಈಗ ಮಾತಾಡುವ ಹಾಗಿದ್ದರೆ ಏನು ಹೇಳುತ್ತಿದ್ದರು?" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಬರುವ ಉತ್ತರವೇ ಬೇರೆ. ಜನರ ತಲೆಯಲ್ಲಿ ಇರುವುದು ಟಿವಿಯ ಸಿಪಿಆರ್. 1996ರಲ್ಲಿ ಅಮೆರಿಕದ ಕೆಲವು ಟಿವಿ ಕಾರ್ಯಕ್ರಮಗಳನ್ನು ಲೆಕ್ಕ ಹಾಕಿದಾಗ ಸಿಪಿಆರ್ ಆದವರಲ್ಲಿ 100ಕ್ಕೆ 75 ಮಂದಿ ಆ ಹೊತ್ತಿಗೆ ಬದುಕಿದ್ದರು. ಕೊನೆ ಹಂತದ ಕ್ಯಾನ್ಸರ್‌ನಲ್ಲಿ ವಾಸ್ತವ ಇದರ ಹತ್ತಿರಕ್ಕೂ ಬರಲ್ಲ ಅಂತ ನಿಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ.

ಒಮ್ಮತ ಬರದಿದ್ದರೆ "ಎರಡು ದಿನ ನೋಡೋಣ, ಸುಧಾರಿಸದಿದ್ದರೆ ಮತ್ತೆ ಕೂತು ಮಾತಾಡೋಣ" ಅಂತ ಗಡುವು ಇಟ್ಟು ಶುರು ಮಾಡಬಹುದು. ಚಿಕಿತ್ಸೆ ಶುರು ಮಾಡದಿರುವುದೂ, ಶುರು ಮಾಡಿದ್ದನ್ನು ಆಮೇಲೆ ನಿಲ್ಲಿಸುವುದೂ ನೀತಿಯ ಲೆಕ್ಕದಲ್ಲಿ ಒಂದೇ ಅಂತ ವೈದ್ಯಕೀಯ ನೀತಿಶಾಸ್ತ್ರದಲ್ಲಿ ಬಹುತೇಕರು ಒಪ್ಪುತ್ತಾರೆ. ಕೈ ಮಾತ್ರ ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಟ್ರಯಾಜ್:
ಗಡುವಿನ ಮಾತು ಒಪ್ಪಿದೆ. ಆದರೆ ಆ ಎರಡು ದಿನ ಆದ ಮೇಲೆ ಯಾರು ಮಾತಾಡುತ್ತಾರೆ ಅಂತ ಫೈಲ್‌ನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಐಸಿಯುನವರು ನಮ್ಮ ಕಡೆ ನೋಡುತ್ತಾರೆ, ನಾವು ಅವರ ಕಡೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಹಳೇ ಕ್ಯಾಶುವಾಲ್ಟಿ ಸರ್, ಕಿಡ್ನಿ ಕೈಕೊಟ್ಟಿದ್ದರೂ ಮಾರ್ಫಿನ್ನೇನಾ?

ಹಳೇ ಕ್ಯಾಶುವಾಲ್ಟಿ:
ಬೇಡ. ಮಾರ್ಫಿನ್ ಒಡೆದು ಆಗುವ ಪದಾರ್ಥಗಳು ಹೊರಗೆ ಹೋಗದೆ ಮೈಯಲ್ಲೇ ಉಳಿದು ಮಂಪರು, ಮೈ ಅದುರುವುದು ಶುರುವಾಗುತ್ತದೆ. ಅದೇ ಜಾತಿಯ ಫೆಂಟನಿಲ್ ವಾಸಿ, ಅದೂ ಸಣ್ಣ ಡೋಸ್‌ನಿಂದ. ಜೊತೆಗೆ ಮುಖದ ಹತ್ತಿರ ಒಂದು ಫ್ಯಾನ್ ಇಡಿ, ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಉಸಿರುಗಟ್ಟಿದ ಹಾಗನ್ನಿಸುವುದು ಕಮ್ಮಿಯಾಗುತ್ತದೆ.